ಫ್ರೆಡರಿಕ್ ಬ್ಯಾಂಟಿಂಗ್: ಇನ್ಸುಲಿನ್ ತಂದ ವೈದ್ಯ

ಮಕ್ಕಳೇ, ನವೆಂಬರ್ 14 ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಮಕ್ಕಳ ದಿನಾಚರಣೆ, ಅಲ್ಲವೇ? ಪಂಡಿತ್ ಜವಾಹರಲಾಲ್ ನೆಹರೂ ಅವರು ಹುಟ್ಟಿದ್ದು 1889ರ ನವೆಂಬರ್ 14ರಂದು. ಅದೇ ದಿನವನ್ನು ಜಗತ್ತಿನಾದ್ಯಂತ ಇನ್ನೊಂದು ಕಾರಣಕ್ಕೂ ಆಚರಿಸುತ್ತಾರೆ. ಅದು ವಿಶ್ವ ಮಧುಮೇಹ ದಿನ. ನೆಹರೂ ಅವರು ಹುಟ್ಟಿದ ಎರಡು ವರ್ಷಗಳ ನಂತರ, 1891ರ ನವೆಂಬರ್ 14ರಂದು, ಕೆನಡಾ ದೇಶದ ಒಂದು ರೈತ ಕುಟುಂಬದಲ್ಲಿ ಫ್ರೆಡರಿಕ್ ಗ್ರಾಂಟ್ ಬ್ಯಾಂಟಿಂಗ್ ಹುಟ್ಟಿದರು. ಉಳಿಯುವುದಿಲ್ಲ ಎಂದು ವೈದ್ಯರೇ ಕೈಚೆಲ್ಲಿದ್ದ ಮಕ್ಕಳನ್ನು ಬದುಕಿಸಿದ ಇನ್ಸುಲಿನ್ ಔಷಧದ ಜೊತೆ ಅವರ ಹೆಸರು ಸೇರಿಕೊಂಡಿದೆ.

ಬ್ಯಾಂಟಿಂಗ್ ಮತ್ತು ಅವರ ಸಂಗಡಿಗರು ಔಷಧವನ್ನು ಕಂಡುಹಿಡಿದರು. ಆದರೆ ಔಷಧ ಸಿಕ್ಕಿದರೆ ಅರ್ಧ ಕೆಲಸವಷ್ಟೇ ಆಯಿತು. ಅದನ್ನು ದೇಹದೊಳಗೆ ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ತಲುಪಿಸುವುದು ಉಳಿದರ್ಧ ಕೆಲಸ. ಆ ಕೆಲಸ ನೂರು ವರ್ಷ ಕಳೆದರೂ ಮುಗಿದಿಲ್ಲ. ಬನ್ನಿ, ಎರಡೂ ಕಥೆಗಳನ್ನು ತಿಳಿಯೋಣ.

ಸಕ್ಕರೆ ಬ್ಯಾನಿ ಎಂದರೇನು?

ನೀವು ಬೆಳಿಗ್ಗೆ ಜೋಳದ ರೊಟ್ಟಿ ತಿಂದಿರಿ ಎನ್ನಿ. ಅದು ಹೊಟ್ಟೆಯಲ್ಲಿ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗುತ್ತದೆ. ಗ್ಲೂಕೋಸ್ ರಕ್ತಕ್ಕೆ ಸೇರಿ ದೇಹದ ತುಂಬ ಹರಿಯುತ್ತದೆ. ಆದರೆ ಅದು ಜೀವಕೋಶದ ಒಳಗೆ ಹೋದರೆ ಮಾತ್ರ ನಿಮಗೆ ಓಡಲು, ಆಡಲು, ಓದಲು ಶಕ್ತಿ ಬರುತ್ತದೆ. ನಮ್ಮ ಸ್ನಾಯುಗಳ ಜೀವಕೋಶಗಳ ಬಾಗಿಲು ಸುಮ್ಮನೆ ತೆರೆಯುವುದಿಲ್ಲ. ಅದಕ್ಕೊಂದು ಕೀಲಿಕೈ ಬೇಕು. ಆ ಕೀಲಿಕೈಯೇ ಇನ್ಸುಲಿನ್.

ಇನ್ಸುಲಿನ್ ಒಂದು ಹಾರ್ಮೋನು. ದೇಹದ ಒಂದು ಕಡೆ ತಯಾರಾಗಿ, ರಕ್ತದ ಜೊತೆ ಸಾಗಿ, ಮತ್ತೊಂದು ಕಡೆಗೆ ಸಂದೇಶ ಮುಟ್ಟಿಸುವ ರಾಸಾಯನಿಕಕ್ಕೆ ಹಾರ್ಮೋನು ಎನ್ನುತ್ತಾರೆ. ಹಾರ್ಮೋನನ್ನು ಊರೂರಿಗೆ ಕಾಗದ ಮುಟ್ಟಿಸುವ ಟಪಾಲಿನವರಿಗೆ ಹೋಲಿಸಬಹುದು. ಇನ್ಸುಲಿನ್ ತಯಾರಾಗುವುದು ಜಠರದ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ. ಈ ಗ್ರಂಥಿ ಎರಡು ಕೆಲಸ ಮಾಡುತ್ತದೆ. ಆಹಾರ ಜೀರ್ಣಿಸುವ ರಸವನ್ನು ನಾಳದ ಮೂಲಕ ಕರುಳಿಗೆ ಬಿಡುವುದು ಒಂದು ಕೆಲಸ. ಇನ್ಸುಲಿನ್ ಅನ್ನು ನೇರವಾಗಿ ರಕ್ತಕ್ಕೆ ಬಿಡುವುದು ಇನ್ನೊಂದು. ಈ ಎರಡನೆಯ ಕೆಲಸ ಮಾಡುವ ಜೀವಕೋಶಗಳು ಗ್ರಂಥಿಯಲ್ಲಿ ಅಲ್ಲಲ್ಲಿ ಪುಟ್ಟ ಗುಂಪುಗಳಾಗಿರುತ್ತವೆ. 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್ ಸೂಕ್ಷ್ಮದರ್ಶಕದಲ್ಲಿ ಅವನ್ನು ಕಂಡರು. ಸಮುದ್ರದ ನಡುವಿನ ನಡುಗಡ್ಡೆಗಳಂತೆ ಕಾಣುವುದರಿಂದ ಅವಕ್ಕೆ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳು ಎಂಬ ಹೆಸರು ಬಂತು. ಲ್ಯಾಟಿನ್ ಭಾಷೆಯಲ್ಲಿ ಇನ್ಸುಲಾ ಎಂದರೆ ದ್ವೀಪ. ಇನ್ಸುಲಿನ್ ಎಂಬ ಹೆಸರಿನ ಮೂಲ ಅದೇ.

ಕೆಲವು ಮಕ್ಕಳಲ್ಲಿ ಈ ಕಿರುದ್ವೀಪಗಳ ಜೀವಕೋಶಗಳು ನಾಶವಾಗುತ್ತವೆ. ಆಗ ಕೀಲಿಕೈ ಇಲ್ಲ, ಬಾಗಿಲು ತೆರೆಯುವುದಿಲ್ಲ. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಜೀವಕೋಶಗಳು ಹಸಿದಿರುತ್ತವೆ. ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೊರಹೋಗುತ್ತದೆ. ಇದನ್ನು ಮೊದಲನೆಯ ಬಗೆಯ ಮಧುಮೇಹ ಎನ್ನುತ್ತಾರೆ. ನಮ್ಮ ಹಿರಿಯರಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯ ಬಗೆ. ಅದರಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಸಾಲುವುದಿಲ್ಲ ಅಥವಾ ಸರಿಯಾಗಿ ಕೆಲಸ ಮಾಡುವುದಿಲ್ಲ. ನಮ್ಮ ಕಡೆ ಎರಡಕ್ಕೂ ಸಕ್ಕರೆ ಬ್ಯಾನಿ ಎಂದೇ ಹೇಳುತ್ತೇವೆ.

ಈ ರೋಗ ಹೊಸದೇನೂ ಅಲ್ಲ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ದೇಶದ ಪ್ರಾಚೀನ ವೈದ್ಯರು ಗಮನಿಸಿದ್ದರು. ಆದರೆ ಮೊದಲನೆಯ ಬಗೆಯ ಮಧುಮೇಹ ಬಂದ ಮಗುವನ್ನು ಉಳಿಸುವ ಔಷಧ ಯಾವ ದೇಶದಲ್ಲೂ ಇರಲಿಲ್ಲ. 1920ರ ಸುಮಾರಿಗೆ ಅಮೆರಿಕ, ಕೆನಡಾಗಳಲ್ಲಿ ಇದ್ದ ಚಿಕಿತ್ಸೆ ಒಂದೇ, ಉಪವಾಸ. ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆಯೂ ಕಡಿಮೆಯಾಗುತ್ತದೆ ಎಂಬ ಲೆಕ್ಕ. ಮಕ್ಕಳು ಮೂಳೆ ಚಕ್ಕಳವಾಗಿ ಒಂದೆರಡು ವರ್ಷ ಹೆಚ್ಚು ಬದುಕುತ್ತಿದ್ದರು, ಅಷ್ಟೇ.

ರೈತನ ಮಗ, ಸೈನ್ಯದ ವೈದ್ಯ

ಬ್ಯಾಂಟಿಂಗ್ ಅವರ ಊರು ಕೆನಡಾದ ಒಂಟಾರಿಯೊ ಪ್ರಾಂತ್ಯದ ಅಲಿಸ್ಟನ್. ಐವರು ಮಕ್ಕಳಲ್ಲಿ ಅವರೇ ಕೊನೆಯವರು. ಶಾಲೆಯಲ್ಲಿ ಅವರು ಬಹಳ ಜಾಣ ವಿದ್ಯಾರ್ಥಿಯೇನೂ ಆಗಿರಲಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಮೊದಲು ಕಲಾ ವಿಷಯಕ್ಕೆ ಸೇರಿದರು. ಅದು ಹಿಡಿಸಲಿಲ್ಲ. 1912ರಲ್ಲಿ ವೈದ್ಯಕೀಯಕ್ಕೆ ಬದಲಾಯಿಸಿಕೊಂಡರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಸೈನ್ಯಕ್ಕೆ ವೈದ್ಯರು ಬೇಕಾಗಿದ್ದರಿಂದ ಅವರ ತಂಡದ ಓದನ್ನು ಬೇಗ ಮುಗಿಸಿ 1916ರಲ್ಲೇ ಪದವಿ ಕೊಟ್ಟರು.

1918ರಲ್ಲಿ ಫ್ರಾನ್ಸಿನ ಕ್ಯಾಂಬ್ರೆ ಬಳಿ ನಡೆದ ಕಾಳಗದಲ್ಲಿ ಬ್ಯಾಂಟಿಂಗ್ ಅವರ ತೋಳಿಗೆ ಸಿಡಿಗುಂಡಿನ ಚೂರು ಹೊಕ್ಕಿತು. ಗಾಯವಾದ ಮೇಲೂ ಅವರು ಗಂಟೆಗಟ್ಟಲೆ ಇತರ ಸೈನಿಕರಿಗೆ ಶುಶ್ರೂಷೆ ಮಾಡಿದರು. ಅದಕ್ಕಾಗಿ ಮಿಲಿಟರಿ ಕ್ರಾಸ್ ಪದಕ ದೊರೆಯಿತು.

ಯುದ್ಧ ಮುಗಿಸಿ ಬಂದ ಬ್ಯಾಂಟಿಂಗ್ 1920ರ ಜುಲೈನಲ್ಲಿ ಒಂಟಾರಿಯೊದಲ್ಲೇ ಇರುವ ಲಂಡನ್ ಎಂಬ ಪಟ್ಟಣದಲ್ಲಿ ದವಾಖಾನೆ ತೆರೆದರು. ಇದು ಇಂಗ್ಲೆಂಡಿನ ಲಂಡನ್ ಅಲ್ಲ, ನೆನಪಿರಲಿ. ವಾರಗಟ್ಟಲೆ ಕಾದರೂ ರೋಗಿಗಳು ಬರಲಿಲ್ಲ. ಮೊದಲ ತಿಂಗಳ ಸಂಪಾದನೆ ಕೇವಲ 4 ಡಾಲರ್. ಹೊಟ್ಟೆಪಾಡಿಗಾಗಿ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದರು. ನೋಡಿ, ಆ ಪಾಠವೇ ಅವರ ಬದುಕಿನ ದಾರಿಯನ್ನು ಬದಲಿಸಿತು.

ನಡುರಾತ್ರಿಯ ಯೋಚನೆ

1920ರ ಅಕ್ಟೋಬರ್ 30ರ ರಾತ್ರಿ. ಪಾಠದ ತಯಾರಿಗೆಂದು ಮೇದೋಜೀರಕ ಗ್ರಂಥಿಯ ಬಗ್ಗೆ ಓದುತ್ತಿದ್ದ ಬ್ಯಾಂಟಿಂಗ್ ಅವರಿಗೆ ಒಂದು ಲೇಖನ ಕಣ್ಣಿಗೆ ಬಿತ್ತು. ಗ್ರಂಥಿಯ ನಾಳ ಕಲ್ಲಿನಿಂದ ಮುಚ್ಚಿಹೋದರೆ ಜೀರ್ಣರಸ ಮಾಡುವ ಭಾಗ ಸೊರಗಿಹೋಗುತ್ತದೆ, ಆದರೆ ಕಿರುದ್ವೀಪಗಳು ಉಳಿಯುತ್ತವೆ ಎಂದು ಅದರಲ್ಲಿತ್ತು. ಬ್ಯಾಂಟಿಂಗ್ ಅವರಿಗೆ ನಿದ್ದೆ ಹತ್ತಲಿಲ್ಲ. ನಡುರಾತ್ರಿ ಕಳೆದು ಎರಡು ಗಂಟೆಯ ಹೊತ್ತಿಗೆ ಎದ್ದು ಒಂದು ಟಿಪ್ಪಣಿ ಬರೆದಿಟ್ಟರು.

ಅವರ ಯೋಚನೆ ಇಷ್ಟು. 1889ರಲ್ಲೇ ಜರ್ಮನಿಯಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬುವವರು, ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದರೆ ಅದಕ್ಕೆ ಮಧುಮೇಹ ಬರುತ್ತದೆ ಎಂದು ತೋರಿಸಿದ್ದರು. ಹಾಗಾದರೆ ಗ್ರಂಥಿಯಲ್ಲಿ ಸಕ್ಕರೆಯನ್ನು ಹತೋಟಿಯಲ್ಲಿಡುವ ವಸ್ತು ಇರಲೇಬೇಕು. ಅದನ್ನು ಹೊರತೆಗೆಯಲು ಹಲವರು ಪ್ರಯತ್ನಿಸಿದ್ದರು, ಕೈಗೂಡಿರಲಿಲ್ಲ. ಗ್ರಂಥಿಯನ್ನು ಅರೆದಾಗ ಜೀರ್ಣರಸವೂ ಬೆರೆತು ಆ ವಸ್ತುವನ್ನು ಹಾಳುಮಾಡುತ್ತಿರಬೇಕು. ನಾಳವನ್ನು ದಾರದಿಂದ ಕಟ್ಟಿ, ಜೀರ್ಣರಸದ ಭಾಗ ಸೊರಗುವವರೆಗೆ ಕಾದು, ಉಳಿದ ಕಿರುದ್ವೀಪಗಳಿಂದ ಸಾರ ತೆಗೆದರೆ ಹೇಗೆ?

ಈ ಯೋಚನೆಯನ್ನು ಅವರು ಟೊರಾಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಮ್ಯಾಕ್ಲಿಯೋಡ್ ಅವರ ಮುಂದಿಟ್ಟರು. ಮ್ಯಾಕ್ಲಿಯೋಡ್ ಸಕ್ಕರೆಯ ಚಯಾಪಚಯ ಕ್ರಿಯೆಯಲ್ಲಿ ದೊಡ್ಡ ವಿದ್ವಾಂಸರು. ಸಂಶೋಧನೆಯ ಅನುಭವವೇ ಇಲ್ಲದ ಈ ಯುವಕನ ಮೇಲೆ ಅವರಿಗೆ ಮೊದಲು ನಂಬಿಕೆ ಬರಲಿಲ್ಲ. ಆದರೂ ಬೇಸಿಗೆ ರಜೆಯಲ್ಲಿ ಒಂದು ಪ್ರಯೋಗಾಲಯ, ಹತ್ತು ನಾಯಿಗಳು ಮತ್ತು ಸಹಾಯಕ್ಕೆ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯನ್ನು ಕೊಟ್ಟರು. ಬ್ಯಾಂಟಿಂಗ್ ಅವರಿಗೆ ಸಂಬಳವಿರಲಿಲ್ಲ.

1921ರ ಬೇಸಿಗೆ

1921ರ ಮೇ ತಿಂಗಳಲ್ಲಿ ಕೆಲಸ ಆರಂಭವಾಯಿತು. ಸೆಕೆ, ದುರ್ವಾಸನೆ ತುಂಬಿದ ಕೋಣೆ. ಮೊದಲ ಕೆಲವು ವಾರ ಎಲ್ಲವೂ ಕೆಟ್ಟಿತು. ಹಲವು ನಾಯಿಗಳು ಸತ್ತವು. ಕೊನೆಗೆ ಜುಲೈ 30ರಂದು ಮಧುಮೇಹವಿದ್ದ ಒಂದು ನಾಯಿಗೆ ತಾವು ತೆಗೆದ ಸಾರವನ್ನು ಸೂಜಿಯಿಂದ ಕೊಟ್ಟಾಗ ಅದರ ರಕ್ತದ ಸಕ್ಕರೆ ಇಳಿಯಿತು! ಮುಂದೆ ಮಾರ್ಜರಿ ಎಂಬ ನಾಯಿ ಮೇದೋಜೀರಕ ಗ್ರಂಥಿಯೇ ಇಲ್ಲದೆ ಸುಮಾರು 70 ದಿನ ಬದುಕಿತು. ಇಂದು ಕೋಟ್ಯಂತರ ಜನರು ಬದುಕಿದ್ದರೆ ಅದರಲ್ಲಿ ಆ ಮೂಕ ಪ್ರಾಣಿಗಳ ಪಾಲೂ ಇದೆ ಎಂಬುದನ್ನು ನಾವು ಮರೆಯಬಾರದು.

ಇಲ್ಲಿ ಒಂದು ಸ್ವಾರಸ್ಯವಿದೆ. ನಾಳ ಕಟ್ಟುವ ಬ್ಯಾಂಟಿಂಗ್ ಅವರ ಉಪಾಯ ಅಷ್ಟೊಂದು ಬೇಕಾಗಿಯೇ ಇರಲಿಲ್ಲ! ಕಸಾಯಿಖಾನೆಯಿಂದ ತಂದ ದನದ ಗ್ರಂಥಿಯನ್ನು ಆಲ್ಕೋಹಾಲಿನಲ್ಲಿ ನೆನೆಸಿಯೂ ಸಾರ ತೆಗೆಯಬಹುದೆಂದು ಅದೇ ವರ್ಷ ಅವರಿಗೇ ತಿಳಿಯಿತು. ಹೊರಟ ದಾರಿ ಪೂರ್ತಿ ಸರಿಯಿಲ್ಲದಿದ್ದರೂ, ಪ್ರಯೋಗ ಮಾಡುತ್ತ, ಬರೆದಿಡುತ್ತ, ತಿದ್ದಿಕೊಳ್ಳುತ್ತ ಹೋದರೆ ಸರಿದಾರಿ ಸಿಗುತ್ತದೆ. ವಿಜ್ಞಾನ ನಡೆಯುವುದೇ ಹೀಗೆ.

ಬಾಯಿಯಿಂದಲೋ, ಸೂಜಿಯಿಂದಲೋ?

ಔಷಧ ಎಂದರೆ ನಾವು ಮೊದಲು ಯೋಚಿಸುವುದು ಗುಳಿಗೆಯನ್ನೋ ಬಾಟಲಿ ಔಷಧವನ್ನೋ, ಅಲ್ಲವೇ? ಬ್ಯಾಂಟಿಂಗ್ ಕೂಡ ಅದನ್ನು ಪರೀಕ್ಷಿಸಿದರು. ಅವರ ವೈದ್ಯಕೀಯ ಸಹಪಾಠಿ ಜೋ ಗಿಲ್‌ಕ್ರಿಸ್ಟ್ ಅವರಿಗೆ ಮಧುಮೇಹವಿತ್ತು. 1921ರ ಡಿಸೆಂಬರಿನಲ್ಲಿ ಅವರಿಗೆ ಸಾರವನ್ನು ಬಾಯಿಯ ಮೂಲಕ ಕೊಟ್ಟು ನೋಡಿದರು. ಏನೂ ಪ್ರಯೋಜನವಾಗಲಿಲ್ಲ.

ಏಕೆ? ಇನ್ಸುಲಿನ್ ಒಂದು ಪ್ರೋಟೀನು. ನಾವು ತಿನ್ನುವ ಬೇಳೆ, ಮೊಟ್ಟೆ, ಹಾಲುಗಳಲ್ಲಿರುವುದೂ ಪ್ರೋಟೀನೇ. ಜಠರದ ಆಮ್ಲ ಮತ್ತು ಕಿಣ್ವಗಳಿಗೆ ಬೇಳೆಯ ಪ್ರೋಟೀನು ಯಾವುದು, ಔಷಧದ ಪ್ರೋಟೀನು ಯಾವುದು ಎಂಬ ಭೇದ ಗೊತ್ತಿಲ್ಲ. ಎಲ್ಲವನ್ನೂ ಕತ್ತರಿಸಿ ಜೀರ್ಣಿಸಿಬಿಡುತ್ತವೆ. ಕೀಲಿಕೈ ಬಾಗಿಲಿಗೆ ತಲುಪುವ ಮೊದಲೇ ಚೂರುಚೂರಾಗುತ್ತದೆ. ಆದ್ದರಿಂದ ಹೊಟ್ಟೆಯ ದಾರಿಯನ್ನು ಬಿಟ್ಟು ಚರ್ಮದ ಕೆಳಗೆ ಸೂಜಿಯಿಂದ ಕೊಡಬೇಕಾಯಿತು.

1922ರ ಜನವರಿ 11. ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ ಮಲಗಿದ್ದ. ಅವನ ತೂಕ ಸುಮಾರು 29 ಕಿಲೋಗ್ರಾಂ. ಅವನಿಗೆ ಆ ಸಾರದ ಸೂಜಿ ಮಾಡಿದರು. ಸಕ್ಕರೆ ಸ್ವಲ್ಪ ಇಳಿಯಿತು, ಆದರೆ ಸಾರದಲ್ಲಿ ಕಶ್ಮಲವಿದ್ದುದರಿಂದ ಸೂಜಿ ಚುಚ್ಚಿದ ಜಾಗ ಬಾತುಕೊಂಡಿತು. ಚಿಕಿತ್ಸೆ ನಿಲ್ಲಿಸಬೇಕಾಯಿತು. ತಂಡಕ್ಕೆ ಕೆಲವೇ ವಾರಗಳ ಹಿಂದೆ ಸೇರಿದ್ದ ಜೀವರಸಾಯನ ವಿಜ್ಞಾನಿ ಜೇಮ್ಸ್ ಕಾಲಿಪ್ ಹಗಲೂ ರಾತ್ರಿ ದುಡಿದು ಸಾರವನ್ನು ಶುದ್ಧಗೊಳಿಸಿದರು. ಜನವರಿ 23ರಂದು ಮತ್ತೆ ಸೂಜಿ ಮಾಡಿದರು. ಈ ಬಾರಿ ಸಕ್ಕರೆ ಚೆನ್ನಾಗಿ ಇಳಿಯಿತು. ಹುಡುಗ ಎದ್ದು ಕುಳಿತ, ಅವನ ಮುಖದಲ್ಲಿ ಕಳೆ ಬಂತು. ಅವನು ಮುಂದೆ 13 ವರ್ಷ ಬದುಕಿದ.

ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದ ವಿದೇಶಾಂಗ ಸಚಿವರ ಮಗಳು ಎಲಿಜಬೆತ್ ಹ್ಯೂಸ್ ಬ್ಯಾಂಟಿಂಗ್ ಅವರಲ್ಲಿಗೆ ಬಂದಳು. 15 ವರ್ಷದ ಹುಡುಗಿಯ ತೂಕ ಬರೀ 20 ಕಿಲೋಗ್ರಾಂ! ಇನ್ಸುಲಿನ್ ಆರಂಭಿಸಿದ ಮೇಲೆ ಅವಳು ಹೊಟ್ಟೆತುಂಬ ಉಂಡಳು, ಬೆಳೆದಳು, ಓದಿದಳು, ಮದುವೆಯಾಗಿ ಮಕ್ಕಳನ್ನು ಪಡೆದಳು. 1981ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಒಂದು ಲೆಕ್ಕ ಮಾಡಿ. ದಿನಕ್ಕೆ ಎರಡು ಸೂಜಿಯಂತೆ 58 ವರ್ಷಕ್ಕೆ ಎಷ್ಟಾಯಿತು? 42 ಸಾವಿರ ದಾಟುತ್ತದೆ! ಜೀವ ಉಳಿದಿದೆ ನಿಜ. ಆದರೆ ಅದರ ಬೆಲೆ ದಿನದಿನದ ಸೂಜಿ.

ಒಂದು ಡಾಲರಿನ ಹಕ್ಕು

ಇನ್ಸುಲಿನ್ ಹಕ್ಕನ್ನು ಮಾರಿಕೊಂಡಿದ್ದರೆ ಇವರೆಲ್ಲ ದೊಡ್ಡ ಶ್ರೀಮಂತರಾಗಬಹುದಿತ್ತು. ಆದರೆ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಇದು ಎಲ್ಲರಿಗೂ ಸೇರಬೇಕಾದ ಔಷಧ, ಒಬ್ಬರ ಲಾಭದ ವಸ್ತುವಲ್ಲ ಎಂಬುದು ಅವರ ನಿಲುವಾಗಿತ್ತು.

1923ರ ನೊಬೆಲ್ ಪ್ರಶಸ್ತಿಯನ್ನು ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡ್ ಅವರಿಗೆ ಕೊಟ್ಟರು. ಬೆಸ್ಟ್ ಅವರ ಹೆಸರಿಲ್ಲದ್ದನ್ನು ಕಂಡು ಬ್ಯಾಂಟಿಂಗ್ ಸಿಟ್ಟಾದರು. ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್ ಅವರಿಗೆ ಕೊಟ್ಟರು. ಮ್ಯಾಕ್ಲಿಯೋಡ್ ತಮ್ಮ ಅರ್ಧವನ್ನು ಕಾಲಿಪ್ ಅವರಿಗೆ ಕೊಟ್ಟರು. ಆ ನಾಲ್ವರ ನಡುವೆ ಮನಸ್ತಾಪಗಳು ಕಡಿಮೆಯೇನೂ ಇರಲಿಲ್ಲ. ಆದರೂ ನಾಲ್ವರೂ ಸೇರದಿದ್ದರೆ ಇನ್ಸುಲಿನ್ ಅಷ್ಟು ಬೇಗ ಮಕ್ಕಳ ಕೈಗೆ ಬರುತ್ತಿರಲಿಲ್ಲ. ಪ್ರಶಸ್ತಿ ಪಡೆದಾಗ ಬ್ಯಾಂಟಿಂಗ್ ಅವರಿಗೆ 32 ವರ್ಷ. ವೈದ್ಯಕೀಯ ವಿಭಾಗದಲ್ಲಿ ಅಷ್ಟು ಚಿಕ್ಕ ವಯಸ್ಸಿನಲ್ಲಿ ನೊಬೆಲ್ ಪಡೆದವರು ಇಂದಿಗೂ ಇನ್ನೊಬ್ಬರಿಲ್ಲ.

ಬ್ಯಾಂಟಿಂಗ್ ಬಿಡುವಿದ್ದಾಗ ಹಿಮ ತುಂಬಿದ ಹಳ್ಳಿಗಳ ಚಿತ್ರ ಬರೆಯುತ್ತಿದ್ದರು. ಎರಡನೆಯ ಮಹಾಯುದ್ಧ ಬಂದಾಗ, ಎತ್ತರದಲ್ಲಿ ಹಾರುವ ವಿಮಾನ ಚಾಲಕರ ಆರೋಗ್ಯದ ಬಗ್ಗೆ ಸಂಶೋಧನೆಯಲ್ಲಿ ತೊಡಗಿದರು. 1941ರ ಫೆಬ್ರವರಿಯಲ್ಲಿ ಇಂಗ್ಲೆಂಡಿಗೆ ಹೊರಟಿದ್ದಾಗ ಅವರ ವಿಮಾನ ನ್ಯೂಫೌಂಡ್‌ಲ್ಯಾಂಡಿನಲ್ಲಿ ನೆಲಕ್ಕಪ್ಪಳಿಸಿತು. ಫೆಬ್ರವರಿ 21ರಂದು ಅವರು ತೀರಿಕೊಂಡರು. ಆಗ ಅವರಿಗೆ 49 ವರ್ಷ.

ಹನಿ ಹನಿಯಾಗಿ ಔಷಧ

ಬ್ಯಾಂಟಿಂಗ್ ಬದುಕಿದ್ದಾಗಲೇ ಉಳಿದರ್ಧ ಕೆಲಸ ಆರಂಭವಾಗಿತ್ತು. ಮೊದಲ ಕಾಲದ ಇನ್ಸುಲಿನ್ ಕೆಲವೇ ಗಂಟೆ ಕೆಲಸ ಮಾಡುತ್ತಿತ್ತು. ದಿನಕ್ಕೆ ಹಲವು ಬಾರಿ ಚುಚ್ಚಿಕೊಳ್ಳಬೇಕಿತ್ತು. ಗಾಜಿನ ಸಿರಿಂಜನ್ನು ನೀರಿನಲ್ಲಿ ಕುದಿಸಿ, ದಪ್ಪ ಸೂಜಿಯನ್ನು ಕಲ್ಲಿಗೆ ಮಸೆದು ಮತ್ತೆ ಮತ್ತೆ ಬಳಸುತ್ತಿದ್ದರು. ಅದೆಷ್ಟು ನೋವಾಗುತ್ತಿತ್ತೋ ಊಹಿಸಿ!

ಸಾಲೋಟಗಿ, ಇಂಡಿ ಸುತ್ತಮುತ್ತಲಿನ ನಿಂಬೆ ತೋಟಗಳನ್ನು ನೀವು ನೋಡಿದ್ದೀರಿ. ಗಿಡಕ್ಕೆ ಒಮ್ಮೆಲೇ ನೀರು ಹಾಯಿಸಿದರೆ ಏನಾಗುತ್ತದೆ? ಆ ಹೊತ್ತಿಗೆ ಬುಡದಲ್ಲಿ ಕೆಸರು, ನಾಲ್ಕು ದಿನ ಬಿಟ್ಟು ನೋಡಿದರೆ ಬಿರುಕು ಬಿಟ್ಟ ನೆಲ. ಅದೇ ಹನಿ ನೀರಾವರಿಯಲ್ಲಿ ನೀರು ತೊಟ್ಟು ತೊಟ್ಟಾಗಿ ಬುಡಕ್ಕೇ ಬೀಳುತ್ತದೆ. ಬೇರಿಗೆ ಯಾವಾಗಲೂ ತೇವ ಇರುತ್ತದೆ. ಔಷಧವನ್ನೂ ದೇಹಕ್ಕೆ ಹೀಗೆ ಹನಿ ಹನಿಯಾಗಿ ಬಿಡಲು ಸಾಧ್ಯವೇ?

ಸಾಧ್ಯ ಎಂದು ತೋರಿಸಿದವರು ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಹ್ಯಾಗೆಡಾರ್ನ್. 1936ರಲ್ಲಿ ಅವರ ತಂಡ, ಮೀನಿನಿಂದ ತೆಗೆದ ಪ್ರೊಟಮಿನ್ ಎಂಬ ಪ್ರೋಟೀನನ್ನು ಇನ್ಸುಲಿನ್ ಜೊತೆ ಬೆರೆಸಿತು. ಎರಡೂ ಸೇರಿ ಸುಲಭವಾಗಿ ಕರಗದ ಸಣ್ಣ ಕಣಗಳಾದವು. ಚರ್ಮದ ಕೆಳಗೆ ಹೋದ ಮೇಲೆ ಈ ಕಣಗಳು ನಿಧಾನವಾಗಿ ಕರಗುತ್ತ ಇನ್ಸುಲಿನ್ ಅನ್ನು ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಟ್ಟವು. ಸೂಜಿಗಳ ಸಂಖ್ಯೆ ಕಡಿಮೆಯಾಯಿತು. 1946ರಲ್ಲಿ ಇದರ ಸುಧಾರಿತ ರೂಪ ಬಂತು. ಅದು ಈಗಲೂ ಬಳಕೆಯಲ್ಲಿದೆ. ಬಾಟಲಿಯಲ್ಲಿ ಹಾಲಿನಂತೆ ಬೆಳ್ಳಗೆ ಕಾಣುವ ಇನ್ಸುಲಿನ್ ಅನ್ನು ನಿಧಾನವಾಗಿ ಉರುಳಿಸಿ ಬೆರೆಸುವುದನ್ನು ನೀವು ಕಂಡಿರಬಹುದು. ತಳಕ್ಕೆ ಕೂರುವ ಆ ಬಿಳಿ ಕಣಗಳೇ ಹ್ಯಾಗೆಡಾರ್ನ್ ಅವರ ಉಪಾಯ.

2000ನೆಯ ಇಸವಿಯ ಹೊತ್ತಿಗೆ ಒಂದು ಸೂಜಿಗೆ ಸುಮಾರು 24 ಗಂಟೆ ಕೆಲಸ ಮಾಡುವ ಇನ್ಸುಲಿನ್ ಬಂತು. ವಾರಕ್ಕೊಮ್ಮೆ ತೆಗೆದುಕೊಳ್ಳುವ ಇನ್ಸುಲಿನ್‌ಗೆ 2024ರಲ್ಲಿ ಯೂರೋಪಿನಲ್ಲಿ ವಯಸ್ಕರಿಗಾಗಿ ಒಪ್ಪಿಗೆ ದೊರೆಯಿತು.

ದನದಿಂದ ಯೀಸ್ಟ್‌ಗೆ, ಟೊರಾಂಟೊದಿಂದ ಬೆಂಗಳೂರಿಗೆ

ಔಷಧವನ್ನು ಬೇಕಾದಂತೆ ಬದಲಾಯಿಸಬೇಕಾದರೆ ಅದರ ರಚನೆ ಗೊತ್ತಿರಬೇಕು. ಇನ್ಸುಲಿನ್‌ನಲ್ಲಿರುವ 51 ಅಮೈನೋ ಆಮ್ಲಗಳ ಜೋಡಣೆಯನ್ನು 1955ರ ಹೊತ್ತಿಗೆ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಪೂರ್ತಿಯಾಗಿ ಬಿಡಿಸಿದರು. ಅದರ ಮೂರು ಆಯಾಮದ ಆಕಾರವನ್ನು 1969ರಲ್ಲಿ ಡೊರೊಥಿ ಹಾಜ್‌ಕಿನ್ ಅವರ ತಂಡ ಕಂಡುಹಿಡಿಯಿತು. ಆ ತಂಡದಲ್ಲಿ ಭಾರತದ ಎಂ. ವಿಜಯನ್ ಇದ್ದರು. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ದಶಕಗಳ ಕಾಲ ಸಂಶೋಧನೆ ನಡೆಸಿದರು.

ಅಲ್ಲಿಯವರೆಗೆ ಇನ್ಸುಲಿನ್ ಬರುತ್ತಿದ್ದುದು ದನ ಮತ್ತು ಹಂದಿಗಳ ಗ್ರಂಥಿಗಳಿಂದ. ಅದು ಕೆಲವರಿಗೆ ಒಗ್ಗುತ್ತಿರಲಿಲ್ಲ. 1978ರಲ್ಲಿ ವಿಜ್ಞಾನಿಗಳು ಮನುಷ್ಯರ ಇನ್ಸುಲಿನ್ ತಯಾರಿಸುವ ಜೀನನ್ನು ಬ್ಯಾಕ್ಟೀರಿಯಾದಲ್ಲಿ ಸೇರಿಸಿ, ಅದರಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಅಮೆರಿಕದಲ್ಲಿ ಔಷಧವಾಗಿ ಬಳಕೆಗೆ ಬಂತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಒಂದು ಬಗೆಯ ಯೀಸ್ಟ್ ಬಳಸಿ ತಯಾರಿಸಿದ ಮಾನವ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಇಡ್ಲಿ, ಬ್ರೆಡ್ ಹಿಟ್ಟುಗಳಲ್ಲಿ ಇರುವ ಯೀಸ್ಟಿನ ದೂರದ ಬಂಧುವೇ ಇದು!

ಸೂಜಿಗೆ ಬದಲಿ ದಾರಿಗಳು

ತಲುಪಿಸುವ ದಾರಿಗಳೂ ಬದಲಾದವು. 1985ರಲ್ಲಿ ಡೆನ್ಮಾರ್ಕಿನಲ್ಲಿ ಇನ್ಸುಲಿನ್ ಪೆನ್ನು ಬಂತು. ನೋಡಲು ಬರೆಯುವ ಪೆನ್ನಿನಂತೆ, ಆದರೆ ಒಳಗೆ ಶಾಯಿಗೆ ಬದಲು ಇನ್ಸುಲಿನ್. ತುದಿಯಲ್ಲಿ ಕೂದಲಿನಂತೆ ತೆಳುವಾದ, ಕೆಲವೇ ಮಿಲಿಮೀಟರ್ ಉದ್ದದ ಸೂಜಿ. ಎಷ್ಟು ಯೂನಿಟ್ ಬೇಕೋ ಅಷ್ಟಕ್ಕೆ ತಿರುಗಿಸಿ ಒತ್ತಿದರಾಯಿತು.

ಇನ್ನೊಂದು ಸಾಧನ ಪಂಪ್. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಪೆಟ್ಟಿಗೆ ಅದು. ತೆಳುವಾದ ನಳಿಕೆಯ ಮೂಲಕ ಚರ್ಮದ ಕೆಳಗೆ ಹಗಲೂ ರಾತ್ರಿ ಇನ್ಸುಲಿನ್ ಹನಿಸುತ್ತದೆ. ನಿಜಕ್ಕೂ ಹನಿ ನೀರಾವರಿಯೇ! ಸಕ್ಕರೆಯನ್ನು ಅಳೆಯುವ ಸಂವೇದಕದ ಮಾತು ಕೇಳಿ ತಾನೇ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಪಂಪಿಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಪಂಪಿನ ಬೆಲೆ ಬಹಳ. ನಮ್ಮ ದೇಶದ ಹೆಚ್ಚಿನ ಕುಟುಂಬಗಳಿಗೆ ಅದು ಕೈಗೆಟುಕುವುದಿಲ್ಲ.

ಉಸಿರಿನ ಜೊತೆ ಒಳಗೆ ಎಳೆದುಕೊಳ್ಳುವ ಪುಡಿ ಇನ್ಸುಲಿನ್ 2006ರಲ್ಲಿ ಬಂತು. ಅದರ ಸಾಧನ ದೊಡ್ಡದು, ಬೆಲೆಯೂ ಹೆಚ್ಚು. ಮರುವರ್ಷವೇ ಮಾರಾಟ ನಿಂತಿತು. 2014ರಲ್ಲಿ ಇನ್ನೊಂದು, ಸಣ್ಣ ಸಾಧನಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಇನ್ನು ನುಂಗುವ ಗುಳಿಗೆ? ಬಯೋಕಾನ್ ಸೇರಿದಂತೆ ಹಲವು ಸಂಸ್ಥೆಗಳು ವರ್ಷಗಟ್ಟಲೆ ಪ್ರಯತ್ನಿಸಿವೆ. ಜಠರದ ಆಮ್ಲವನ್ನು ದಾಟುವಂತೆ ಹೊದಿಕೆ ಹಾಕಿದ್ದಾರೆ, ಇನ್ಸುಲಿನ್ ರಚನೆಯನ್ನೇ ಸ್ವಲ್ಪ ತಿದ್ದಿದ್ದಾರೆ. ಆದರೂ ಗುಳಿಗೆ ಸಾಮಾನ್ಯ ಬಳಕೆಗೆ ಬಂದಿಲ್ಲ. ಗಿಲ್‌ಕ್ರಿಸ್ಟ್ ಅವರಿಗೆ ಬಾಯಿಯಿಂದ ಕೊಟ್ಟು ಸೋತ ಬ್ಯಾಂಟಿಂಗ್ ಅವರ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಅದನ್ನು ಬಿಡಿಸುವವರು ನಿಮ್ಮಲ್ಲೇ ಯಾರಾದರೂ ಇರಬಹುದು.

ನಿಮ್ಮ ತರಗತಿಯ ಗೆಳೆಯನಿಗಾಗಿ

ಮಧುಮೇಹವಿರುವ ಮಗು ನಿಮ್ಮ ಶಾಲೆಯಲ್ಲೂ ಇರಬಹುದು. ಇದು ಅಂಟುರೋಗವಲ್ಲ. ಸಿಹಿ ಹೆಚ್ಚು ತಿಂದಿದ್ದರಿಂದ ಬಂದದ್ದೂ ಅಲ್ಲ. ಆ ಮಗು ನಿಮ್ಮಂತೆಯೇ ಓಡಬಹುದು, ಆಡಬಹುದು, ಓದಬಹುದು. ಅದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಸೂಜಿ, ಹೊತ್ತಿಗೆ ಸರಿಯಾಗಿ ಊಟ ಮತ್ತು ಅಣಕಿಸದ ಗೆಳೆಯರು.

ಈ ಮಾತುಗಳನ್ನು ನೆನಪಿಡಿ:

1. ಯಾವುದೇ ಮಗುವಿಗೆ ಅತಿಯಾದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಸುಸ್ತು ಕಂಡುಬಂದರೆ ಮನೆಯಲ್ಲಿ ಮತ್ತು ಶಿಕ್ಷಕರಿಗೆ ಹೇಳಿ. ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು.

2. ಇನ್ಸುಲಿನ್ ತೆಗೆದುಕೊಳ್ಳುವ ಗೆಳೆಯನಿಗೆ ಇದ್ದಕ್ಕಿದ್ದಂತೆ ಬೆವರು, ನಡುಕ, ತಲೆಸುತ್ತು ಬಂದರೆ ಸಕ್ಕರೆ ತೀರ ಕಡಿಮೆಯಾಗಿರಬಹುದು. ಕೂಡಲೇ ಸಕ್ಕರೆ ಅಥವಾ ಬೆಲ್ಲದ ನೀರು ಕೊಟ್ಟು ಶಿಕ್ಷಕರನ್ನು ಕರೆಯಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

3. ಮೊದಲನೆಯ ಬಗೆಯ ಮಧುಮೇಹಕ್ಕೆ ಇನ್ಸುಲಿನ್ ಬಿಟ್ಟು ಬೇರೆ ಔಷಧ ಸಾಲದು. ಯಾರದೋ ಮಾತು ಕೇಳಿ ಅದನ್ನು ನಿಲ್ಲಿಸಿದರೆ ಜೀವಕ್ಕೇ ಅಪಾಯ.

4. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ನಮ್ಮ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಟ್ಟು ಮುಚ್ಚಬಹುದು. ಮರಳಿನ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಂಡು ಒಳಗೆ ತಂಪಾಗಿರುತ್ತದೆ. ಕುಡಿಯುವ ನೀರಿನ ಮಡಕೆ ತಣ್ಣಗಿರುವ ಗುಟ್ಟೂ ಇದೇ.

ಕೆನಡಾದ ಲಂಡನ್ ಪಟ್ಟಣದಲ್ಲಿ ಬ್ಯಾಂಟಿಂಗ್ ವಾಸವಿದ್ದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅದರ ಪಕ್ಕದಲ್ಲಿ 1989ರಲ್ಲಿ ಒಂದು ಜ್ಯೋತಿ ಹಚ್ಚಿದ್ದಾರೆ. ಮಧುಮೇಹವನ್ನು ಪೂರ್ತಿ ಗುಣಪಡಿಸುವ ದಾರಿ ಸಿಗುವವರೆಗೆ ಅದು ಉರಿಯುತ್ತಿರಬೇಕು ಎಂಬ ಸಂಕಲ್ಪ ಅವರದು. ಇನ್ಸುಲಿನ್ ರೋಗವನ್ನು ಗುಣಪಡಿಸುವುದಿಲ್ಲ, ರೋಗದ ಜೊತೆ ಬದುಕಲು ಬಿಡುತ್ತದೆ. ಆದ್ದರಿಂದ ಆ ಜ್ಯೋತಿಯನ್ನು ಇನ್ನೂ ಆರಿಸಿಲ್ಲ.

ಮಾಡಿ ನೋಡಿ

ಪ್ರಯೋಗ 1: ಅರ್ಧ ಲೋಟ ಬೆಚ್ಚಗಿನ ಹಾಲಿಗೆ ಒಂದು ಇಂಡಿ ನಿಂಬೆಯ ರಸ ಹಿಂಡಿ. ಹಾಲು ಒಡೆಯುತ್ತದೆ. ಆಮ್ಲ ತಾಗಿ ಹಾಲಿನ ಪ್ರೋಟೀನು ತನ್ನ ಮೊದಲಿನ ಸ್ಥಿತಿ ಕಳೆದುಕೊಂಡಿತು. ಜಠರದಲ್ಲಿ ಆಮ್ಲದ ಜೊತೆ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳೂ ಇವೆ. ಹಾಗಾದರೆ ನುಂಗಿದ ಇನ್ಸುಲಿನ್ ಗತಿ ಏನು?

ಪ್ರಯೋಗ 2: ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ. ಒಂದಕ್ಕೆ ಒಂದು ಚಮಚ ಸಕ್ಕರೆ ಪುಡಿ, ಇನ್ನೊಂದಕ್ಕೆ ಅಷ್ಟೇ ತೂಕದ ಕಲ್ಲುಸಕ್ಕರೆ ಹಾಕಿ. ಕಲಕಬೇಡಿ. ಯಾವುದು ಬೇಗ ಕರಗುತ್ತದೆ? ಎಷ್ಟು ಹೊತ್ತು ಬೇಕಾಯಿತು ಎಂದು ಬರೆದಿಡಿ. ಇದಕ್ಕೂ ಹ್ಯಾಗೆಡಾರ್ನ್ ಅವರ ಇನ್ಸುಲಿನ್‌ಗೂ ಏನು ಸಂಬಂಧ? ಗೆಳೆಯರೊಂದಿಗೆ ಚರ್ಚಿಸಿ.